ಸೈಡಿಂಗಿನಲ್ಲಿ ನಿಂತ ನಲವತ್ತು ನಿಮಿಷ

೯ ನವೆಂಬರ್ ೧೯೮೭, ಸೋಮವಾರ
ಗೌರಿಬಿದನೂರು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಕುರ್ಚಿ ಸಿಕ್ಕ ಗಣ್ಯರೇ, ಕುರ್ಚಿ ಸಿಗದೆ ಮುನಿಸಿಕೊಂಡ ಅತಿಗಣ್ಯರೇ, ಕೊನೆಯ ಸಾಲಿನಲ್ಲಿ ಈಗಾಗಲೇ ಆಕಳಿಸುತ್ತಿರುವ ಮಹಾಜನಗಳೇ! ಪಿನಾಕಿನಿ ಎಣ್ಣೆ ಗಿರಣಿಯ ಸೈಡಿಂಗ್ ಗುಮಾಸ್ತ, ಕನ್ನಡ ಮಾಧ್ಯಮದ ಬಿ.ಎ., ಎರಡನೇ ದರ್ಜೆ, ವಯಸ್ಸು ನಲವತ್ತೈದು, ವೆಂಕಟರಾಮಪ್ಪನೆಂಬ ನಾನು ಈ ಮಹಾಸಭೆಯ ಸಮಕ್ಷಮದಲ್ಲಿ ಇಂದಿನಿಂದ ದಿನಚರಿ ಬರೆಯತಕ್ಕದ್ದೆಂದು ನಿರ್ಣಯಿಸಿದ್ದೇನೆ. ಪ್ರಾಸಕ್ಕೆ ಕ್ಷಮೆ ಇಲ್ಲ, ತ್ರಾಸಕ್ಕೆ ಹೊಣೆ ಇಲ್ಲ. ಚಪ್ಪಾಳೆ ಆಮೇಲೆ.

ಈ ಡೈರಿ ಅನಂತಪುರದ ಮಂಡಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದು. ಹತ್ತು ತಿಂಗಳು ನನ್ನ ಹೆಂಡತಿ ರಾಮಲಕ್ಷ್ಮಮ್ಮ ಇದನ್ನು ಅಕ್ಕಿ ಡಬ್ಬದ ಮುಚ್ಚಳದ ಮೇಲೆ ಭಾರಕ್ಕೆ ಇಟ್ಟಿದ್ದಳು. ಇವತ್ತು ಕೇಳಿ ತಗೊಂಡೆ.

ಇನ್ನು ವಿಷಯ. ಸ್ಟೇಷನ್ನಿನಿಂದ ನಮ್ಮ ಗಿರಣಿಯ ಅಂಗಳದವರೆಗೆ ಒಂದು ಮೈಲಿ ಹಳಿ ಇದೆ. ಅದೇ ಸೈಡಿಂಗು. ರೈಲ್ವೆ ಎಂಜಿನ್ನು ಖಾಲಿ ವ್ಯಾಗನ್ನುಗಳನ್ನು ಒಳಕ್ಕೆ ತಳ್ಳಿ, ಕಡಲೆಕಾಯಿ ಹಿಂಡಿ ತುಂಬಿದ ವ್ಯಾಗನ್ನುಗಳನ್ನು ಎಳೆದುಕೊಂಡು ಹೋಗುತ್ತದೆ. ಹೋಗಿ ಬರಲು ಹಿಡಿಯುವ ಹೊತ್ತಿಗೆ ಇಂತಿಷ್ಟೆಂದು ನಾವು ಚಾರ್ಜು ಕಟ್ಟಬೇಕು. ಆ ಹೊತ್ತನ್ನು ದಿನಾ ಅಳೆಯುವುದಿಲ್ಲ. ಒಂದು ದಿನ ಎರಡೂ ಕಡೆಯವರು ಗಡಿಯಾರ ಹಿಡಿದು ನಿಂತು, ಬರೆದುಕೊಂಡು, ಸಹಿ ಹಾಕುತ್ತಾರೆ. ಆಮೇಲೆ ಅದೇ ಕಾಯಂ. ನಮ್ಮ ಟ್ರಯಲ್ಲು ಆದದ್ದು ೧೯೮೪ರಲ್ಲಿ. ಒಂದು ಗಂಟೆ ಮೂವತ್ತೈದು ನಿಮಿಷ.

ಈಗ ಎಂಜಿನ್ನಿನ ಗಂಟೆಯ ದರ ಏರಿದೆ. ದರ ಏರಿತು, ಧಣಿಗಳ ಸ್ವರ ಏರಿತು. ಮ್ಯಾನೇಜರ್ ಕೋನಪ್ಪನವರು ಇವತ್ತು ಕರೆದು ಹೇಳಿದರು: "ನೋಡ್ರೀ ವೆಂಕಟರಾಮಪ್ಪ, ಮದ್ರಾಸಿನಲ್ಲಿ ರೈಲ್ವೆ ದರದ ನ್ಯಾಯಮಂಡಳಿ ಇದೆ, ಅರ್ಜಿ ಹಾಕಿದೀವಿ. ಮಾರ್ಚಿಗೆ ಬರುತ್ತೆ. ಗೆದ್ರೆ ಸರಿ. ಇಲ್ದಿದ್ರೆ ಸೈಡಿಂಗ್ ಮುಚ್ಚಿ ಲಾರಿಗೆ ಹಾಕ್ತೀವಿ. ಹಳೇ ಕಾಗದ ಎಲ್ಲ ತೆಗೀರಿ."

ಲಾರಿಯಾದರೆ ಮೂಟೆ ಹೊರುವವರನ್ನು ಲಾರಿಯವರೇ ಕರೆತರುತ್ತಾರೆ. ಅಂದರೆ ಮೇಸ್ತ್ರಿ ಕಲಂದರ್ ಕೈಕೆಳಗಿನ ಅರವತ್ನಾಲ್ಕು ಜನ ಹಮಾಲಿಗಳು ಮನೆಗೆ. ಸಭಿಕರು ಗಂಭೀರವಾಗಿರಬೇಕಾಗಿ ವಿನಂತಿ.

೧೭ ನವೆಂಬರ್

ಕಾಗದ ಸಿಕ್ಕಿತು. ಸಿಗದಿದ್ದರೆ ಚೆನ್ನಾಗಿತ್ತು. ೧೯೮೪ರ ಟ್ರಯಲ್ಲಿನ ಪಟ್ಟಿ. ಸ್ಟೇಷನ್ ಬಿಟ್ಟದ್ದು, ಗೇಟು ದಾಟಿದ್ದು, ಎಲ್ಲಾ ಸರಿಯಾಗಿದೆ. ನಡುವೆ ಒಂದು ಸಾಲು: "ಗಿರಣಿ ಅಂಗಳದಲ್ಲಿ ನಿಂತದ್ದು ೪೦ ನಿಮಿಷ. ಕಾರಣ: ಪಾರ್ಟಿಯ ಕೆಲಸ." ಕೆಳಗೆ ರೈಲ್ವೆ ಗಾರ್ಡಿನ ಸಹಿ. ಪಕ್ಕದಲ್ಲಿ ಪಾರ್ಟಿಯ, ಅಂದರೆ ಗಿರಣಿಯ, ಪರವಾಗಿ ಸಹಿ. ಮುದ್ದಾದ ಅಕ್ಷರ. ನನ್ನದೇ.

"ಏನ್ರೀ ಅದು, ಪಾರ್ಟಿ ಕೆಲಸ?" ಎಂದರು ಕೋನಪ್ಪನವರು.

"ಜ್ಞಾಪಕಕ್ಕೆ ಬರ್ತಿಲ್ಲ ಸಾರ್."

ಮೂರು ವರ್ಷದ ಹಿಂದಿನ ಮಾತು, ಮಹಾಜನಗಳೇ. ಕಾಲನ ಕಡತ, ಯಾರಿಗಿದೆ ಹಿಡಿತ?

ಮನೆಗೆ ಬಂದು ಈ ಸಾಲನ್ನು ರಾಮಲಕ್ಷ್ಮಮ್ಮನಿಗೆ ಓದಿ ಹೇಳಿದೆ. "ನಿಮ್ ಪದ್ಯ ಕೇಳ್ತಾ ಕೂತ್ರೆ ಸಾರು ಸೀದು ಹೋಗುತ್ತೆ" ಎಂದು ಎದ್ದು ಹೋದಳು. ಮದುವೆಯಾಗಿ ಇಪ್ಪತ್ತೆರಡು ವರ್ಷ, ಒಂದು ಪದ್ಯವನ್ನೂ ಕೊನೆ ಮುಟ್ಟಿಸಿಲ್ಲ. ನನ್ನ ಪದ್ಯವನ್ನು ಪೂರ್ತಿ ಕೂತು ಕೇಳಿದ್ದು ಲೋಕದಲ್ಲಿ ಒಂದೇ ಒಂದು ಸಲ. ಆ ವಿಚಾರ ಈಗ ಬೇಡ.

೫ ಡಿಸೆಂಬರ್

ನಲವತ್ತು ನಿಮಿಷದ ಸುದ್ದಿ ಕಿವಿಗೆ ಬಿದ್ದು ಕಲಂದರ್ ಆಫೀಸಿನ ಬಾಗಿಲಿಗೆ ಬಂದು ನಿಂತ. ಹೆಗಲ ಮೇಲೆ ಮೂಟೆ ಹೊರುವ ಗೋಣಿತಟ್ಟು. ಒಳಗೆ ಬಾ ಎಂದು ನಾನೂ ಹೇಳಲಿಲ್ಲ, ಅವನೂ ಬರಲಿಲ್ಲ.

"ಗುಮಾಸ್ತರೇ, ಒಂದ್ ಮಾತು. ಆವತ್ತು ಟ್ರಯಲ್ ದಿನ ನಾನೂ ಇದ್ದೆ. ವ್ಯಾಗನ್ ಬಿಚ್ಚೋದು, ಕಟ್ಟೋದು ಎಲ್ಲಾ ಹತ್ತೇ ನಿಮಿಷಕ್ಕೆ ಮುಗೀತು. ಆಮೇಲೆ ನಮ್ಮನ್ನ ಆಚೆ ಕಳಿಸಿ ಬಾಗಿಲು ಹಾಕ್ಕೊಂಡ್ರಿ. ಒಳಗೆ ಏನ್ ಮಾಡಿದ್ರಿ?"

ನಾನು ಗಂಟಲು ಸರಿಮಾಡಿಕೊಂಡೆ. "ಊಟ ಹಾಕಿದೆ" ಎಂದೆ.

"ಯಾರಿಗೆ?"

"ಡ್ರೈವರ್ರು, ಗಾರ್ಡು, ಇನ್ಸ್‌ಪೆಕ್ಟರು. ಮೂರು ಜನಕ್ಕೆ. ಮನೆ ಬಾಗಿಲಿಗೆ ಬಂದೋರಿಗೆ ಉಣಿಸದೆ ಕಳಿಸೋದಾ? ರಾಮಲಕ್ಷ್ಮಮ್ಮ ಒಬ್ಬಟ್ಟು ಮಾಡಿ ಕೊಟ್ಟಿದ್ದಳು."

ಕಲಂದರ್ ನಗಲು ಶುರುಮಾಡಿದ. ಗೋಣಿತಟ್ಟು ಜಾರಿ ಬಿತ್ತು. "ಯಾ ಅಲ್ಲಾ! ನೀವು ಊಟ ಹಾಕಿದ ಹೊತ್ತಿಗೂ ರೈಲ್ವೆಯೋರು ಚಾರ್ಜ್ ಹಾಕಿದ್ರಾ? ಎಂಜಿನ್ ನಿಂತಿದೆ, ನೀವು ಬಡಿಸ್ತಿದೀರ, ಗಡಿಯಾರ ಓಡ್ತಿದೆ!" ಆಮೇಲೆ ನಗು ನಿಲ್ಲಿಸಿ ಕೇಳಿದ: "ಆದ್ರೂ ನಲವತ್ತು ನಿಮಿಷ ಊಟಾನಾ ಗುಮಾಸ್ತರೇ? ನಮ್ಮ ಮದುವೇಲೂ ಅಷ್ಟೊತ್ತು ಕೂರಲ್ಲ."

"ಒಬ್ಬಟ್ಟಿತ್ತು ಅಂದ್ನಲ್ಲಪ್ಪ."

"ಇದನ್ನ ಮದ್ರಾಸಲ್ಲಿ ಹೇಳಿ."

"ಹೇಳಿದ್ರೆ ನನ್ನ ಕೆಲಸ ಹೋಗುತ್ತೆ."

"ಹೇಳ್ದಿದ್ರೆ ನಮ್ಮ ಅರವತ್ನಾಲ್ಕು ಜನದ್ದು ಹೋಗುತ್ತೆ" ಎಂದು ಗೋಣಿತಟ್ಟು ಕೊಡವಿಕೊಂಡು ಹೋದ.

ಇದಕ್ಕೆ ಪ್ರಾಸ ಹುಡುಕಿದೆ. ಸಿಗಲಿಲ್ಲ.

೧೧ ಜನವರಿ ೧೯೮೮

ವಕೀಲರು ಬೆಂಗಳೂರಿನಿಂದ ಬಂದಿದ್ದರು. "ನಲವತ್ತು ನಿಮಿಷದ ಬಗ್ಗೆ ಕೇಳಿದ್ರೆ ನೆನಪಿಲ್ಲ ಅನ್ನಿ. ಅಷ್ಟು ಸಾಕು" ಎಂದರು. ಕೋನಪ್ಪನವರೂ ತಲೆಯಾಡಿಸಿದರು. ನಾನೂ ಆಡಿಸಿದೆ. ತಲೆ ಆಡಿಸುವುದರಲ್ಲಿ ನಾನು ಒಂದನೇ ದರ್ಜೆ.

ಊಟಕ್ಕೆ ಹೋಗುವಾಗ ಸೈಡಿಂಗಿನ ಪಕ್ಕ ಹಾದು ಹೋದೆ. ಹಮಾಲಿಗಳು ವ್ಯಾಗನ್ನಿನ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದ್ದರು. ಒಬ್ಬರೂ ನನ್ನನ್ನು ಏನೂ ಕೇಳಲಿಲ್ಲ. ಎಳ್ಳು ಬೆಲ್ಲದ ಹಬ್ಬ ಹತ್ತಿರ ಬಂದರೂ ಬಾಯಿ ಕಹಿ.

೩೧ ಜನವರಿ, ಭಾನುವಾರ

ಆವತ್ತಿನ ಡ್ರೈವರ್ ಮುನಿಶಾಮಪ್ಪನವರು ರಿಟೈರಾಗಿ ಶಿಡ್ಲಘಟ್ಟದಲ್ಲಿದ್ದಾರೆಂದು ಕಲಂದರ್ ಪತ್ತೆ ಮಾಡಿದ್ದ. ನಾನು ಎರಡು ಭಾನುವಾರ ತಲೆನೋವು ಎಂದು ತಪ್ಪಿಸಿಕೊಂಡೆ. ಈ ಭಾನುವಾರ ಅವನೇ ಮನೆ ಮುಂದೆ ನಿಂತಿದ್ದ, ಎರಡು ಬಸ್ ಟಿಕೆಟ್ಟಿನ ಚಿಲ್ಲರೆ ಕೈಯಲ್ಲಿ ಹಿಡಿದು.

ಚಿಕ್ಕಬಳ್ಳಾಪುರದಲ್ಲಿ ಇಳಿದು ಬಸ್ಸು ಬದಲಾಯಿಸಿದೆವು. ನಿಂತುಕೊಂಡೇ ಪ್ರಯಾಣ. ಶಿಡ್ಲಘಟ್ಟದಲ್ಲಿ ಇಳಿದ ಕೂಡಲೇ ರೇಷ್ಮೆಗೂಡು ಬೇಯಿಸುವ ವಾಸನೆ. ಮುನಿಶಾಮಪ್ಪನವರ ಮಗ ನೂಲು ಬಿಚ್ಚುವ ರೀಲಿಂಗ್ ಇಟ್ಟಿದ್ದಾನೆ. ಯಜಮಾನರು ಬಿಸಿ ಬಾಣಲೆಯ ಪಕ್ಕ ಮಂಚದ ಮೇಲೆ ಕೂತು ಮಗನಿಗೆ ಎಳೆ ತುಂಡಾದದ್ದನ್ನು ತೋರಿಸುತ್ತಿದ್ದರು. ಎಂಜಿನ್ ಓಡಿಸಿದವರಿಗೆ ಮನೆಯಲ್ಲೂ ಸಿಗ್ನಲ್ ಕೊಡದೆ ಇರಲಾಗದು.

"ಏಮಪ್ಪಾ ಗುಮಾಸ್ತರೇ! ನೀವಾ! ಅಬ್ಬಬ್ಬಾ, ಆವತ್ತು ನೀವು ಊಟ ಹಾಕಿದ್ದು ಮರೀತೀನಾ? ಮೂವತ್ನಾಲ್ಕು ವರ್ಷ ಸರ್ವೀಸು, ಎಷ್ಟೋ ಸೈಡಿಂಗ್ ನೋಡಿದೀನಿ, ಒಬ್ಬಟ್ಟು ಹಾಕಿದ ಸೈಡಿಂಗ್ ಒಂದೇ. ಊಟ ಆಯ್ತು, ಕೈ ತೊಳ್ಕೊಂಡ್ವಿ, ಆಮೇಲೆ ನೀವು..."

ಆಗ ನನಗೆ ಕೆಮ್ಮು ಬಂತು. ರೇಷ್ಮೆಯ ಹಬೆ ಇರಬೇಕು. ಬಹಳ ಕೆಮ್ಮಿದೆ. ಮುನಿಶಾಮಪ್ಪನವರು ನನ್ನ ಮುಖ ನೋಡಿದರು, ಕಲಂದರ್ ಮುಖ ನೋಡಿದರು. "ಊಟ ಚೆನ್ನಾಗಿತ್ತು" ಎಂದು ಮುಗಿಸಿದರು.

"ಮದ್ರಾಸಿಗೆ ಬಂದು ಇಷ್ಟನ್ನೇ ಹೇಳ್ತೀರಾ ಅಜ್ಜಾ?" ಎಂದ ಕಲಂದರ್.

"ಊಟ ಮಾಡಿದ ಮನೇದು ಹೇಳೋಕೆ ಏನಪ್ಪಾ ನಾಚಿಕೆ? ಬರ್ತೀನಿ."

ವಾಪಸ್ಸು ಬರುವಾಗ ಕಲಂದರ್ ಬಸ್ಸಿನಲ್ಲಿ ನಿದ್ದೆ ಹೋಗಿದ್ದ. ತಲೆ ನನ್ನ ಹೆಗಲ ಮೇಲೆ. ಅರವತ್ನಾಲ್ಕು ಜನರ ಭಾರ ಹೊತ್ತ ತಲೆ, ಸರಿಸಲಿಲ್ಲ.

೨೩ ಮಾರ್ಚ್, ಬುಧವಾರ
ಮದ್ರಾಸು

ಇವತ್ತಿನದನ್ನು ಇವತ್ತೇ ಬರೆದಿಡುತ್ತೇನೆ.

ದೊಡ್ಡ ಹಾಲು, ಮೇಲೆ ಫ್ಯಾನು. ನ್ಯಾಯಮಂಡಳಿಯವರು ಮೂವರು. ರೈಲ್ವೆ ವಕೀಲರು ಪಟ್ಟಿಯನ್ನು ಎತ್ತಿ ಹಿಡಿದು ಇಂಗ್ಲಿಷಿನಲ್ಲಿ ಕೇಳಿದರು. ಅವರ ತಪ್ಪೇನಿಲ್ಲ, ಕಾಗದದಲ್ಲಿ ಇದ್ದದ್ದನ್ನೇ ಕೇಳಿದರು. ಪಾರ್ಟಿಯ ಕೆಲಸ ಅಂತ ನೀವೇ ಸಹಿ ಹಾಕಿದ್ದೀರಿ. ಏನು ಕೆಲಸ?

ನಮ್ಮ ವಕೀಲರು ನನ್ನ ಕಡೆ ನೋಡಿ ತಲೆಯಾಡಿಸಿದರು. ನೆನಪಿಲ್ಲ ಅನ್ನಿ ಎಂದು. ಕೋನಪ್ಪನವರು ಕೂತಿದ್ದರು. ಹಿಂದೆ ಕಲಂದರ್ ಸಾಹೇಬರು, ಹೊಸ ಬಿಳಿ ಟೋಪಿ, ಕೈ ಕಟ್ಟಿಕೊಂಡು. ಅವರು ತಲೆಯಾಡಿಸಲಿಲ್ಲ. ಸುಮ್ಮನೆ ನನ್ನನ್ನೇ ನೋಡುತ್ತಿದ್ದರು.

ನಾನು ಇಂಗ್ಲಿಷಿನಲ್ಲಿ ಬಾಯಿ ತೆರೆದೆ. "ದಟ್ ಡೇ" ಎಂದೆ. ಅಲ್ಲಿಗೆ ನಿಂತಿತು. ಕನ್ನಡದಲ್ಲಿ ಹೇಳಿದೆ, ಯಾರಿಗೂ ತಿಳಿಯಲಿಲ್ಲ. ಆಗ ನಡುವೆ ಕೂತಿದ್ದ ಹಿರಿಯರು "ತೆಲುಗು ವಚ್ಚುನಾ?" ಎಂದು ಕೇಳಿದರು. ವಚ್ಚುನಾ ಅಂದರೆ! ಗೌರಿಬಿದನೂರಿನಲ್ಲಿ ತೆಲುಗು ಬರದೆ ಸೊಪ್ಪು ಕೊಳ್ಳಲೂ ಆಗದು. ಬಿ.ಎ. ಪದವಿ ಕೈಕೊಟ್ಟಿತು, ನಮ್ಮಜ್ಜಿ ಮಂಗಮ್ಮನ ಜೋಗುಳ ಕೈಹಿಡಿಯಿತು.

"ಅನ್ನಂ ಪೆಟ್ಟಿನಾಮಂಡಿ" ಎಂದೆ. ಊಟ ಹಾಕಿದೆವು ಸ್ವಾಮಿ. ಎಂಜಿನ್ನಿನ ಕೆಲಸ ಮುಗಿದಿತ್ತು. ಬಂದವರಿಗೆ ಉಣಿಸದೆ ಕಳಿಸುವುದು ನಮ್ಮ ಕಡೆ ಇಲ್ಲ. ಗಡಿಯಾರ ನಿಲ್ಲಿಸಿ ಅಂತ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನನ್ನದು. ರೈಲ್ವೆಯವರದಲ್ಲ, ಗಿರಣಿಯದಲ್ಲ, ಮೂಟೆ ಹೊರುವವರದಂತೂ ಅಲ್ಲ.



ಹಿರಿಯರು ಕನ್ನಡಕ ತೆಗೆದರು. "ಊಟ ನಲವತ್ತು ನಿಮಿಷವೇ?"

ನಾನು ಪಟ್ಟಿಯ ಕಡೆ ನೋಡಿದೆ. ಹಿಂದಿನಿಂದ ಮುನಿಶಾಮಪ್ಪನವರು ಎದ್ದು ನಿಂತು, ಯಾರೂ ಕೇಳದಿದ್ದರೂ, "ಓಳಿಗಲು ಸಾಮಿ! ನೆಯ್ಯಿ ಪೋಸಿನಾರು!" ಎಂದು ಕೂಗಿದರು. ಒಬ್ಬಟ್ಟು ಸ್ವಾಮಿ, ತುಪ್ಪ ಹಾಕಿದ್ದರು ಎಂದು. ಮೂವರೂ ನಕ್ಕುಬಿಟ್ಟರು. ರೈಲ್ವೆ ವಕೀಲರೂ ನಕ್ಕರು.

ಹಿರಿಯರು ಬರೆಸಿದ್ದು ಇಷ್ಟು: ಚಾರ್ಜು ಇರುವುದು ವ್ಯಾಗನ್ನು ಎಳೆದದ್ದಕ್ಕೆ, ಊಟಕ್ಕೆ ಅಲ್ಲ. ಎರಡೂ ಕಡೆಯವರು ಮತ್ತೆ ಟ್ರಯಲ್ಲು ಮಾಡಿ ಹೊಸ ಹೊತ್ತು ಗೊತ್ತು ಮಾಡಬೇಕು.

ಹೊರಗೆ ಬಂದಾಗ ಕೋನಪ್ಪನವರು ನನ್ನ ಮುಖ ನೋಡಲಿಲ್ಲ. "ಒಂದು ಗಂಟೆ ಒಳಗೆ ಬಂದ್ರೆ ಸೈಡಿಂಗ್ ಉಳಿಯುತ್ತೆ. ದಾಟಿದ್ರೆ ಸೈಡಿಂಗೂ ಇಲ್ಲ, ನೀವೂ ಇಲ್ಲ" ಎಂದರು. ಕಲಂದರ್ ಸಾಹೇಬರು ಕಾಫಿ ಕೊಡಿಸಿದರು.

೧೮ ಏಪ್ರಿಲ್

ಟ್ರಯಲ್ಲಿಗೆ ದಿನ ಗೊತ್ತಾಯಿತು, ೨೮ನೇ ತಾರೀಕು. ರಂಜಾನ್ ಉಪವಾಸದ ನಡುವೆ. ಬೇರೆ ದಿನ ಕೇಳೋಣವೇ ಎಂದೆ.

"ಬೇಡ ಬೇಡ" ಎಂದರು ಕಲಂದರ್ ಸಾಹೇಬರು. "ಆವತ್ತೇ ಒಳ್ಳೇದು. ಊಟದ ಮಾತೇ ಬರಲ್ಲ. ನಾವು ತಿಂಗಳೆಲ್ಲಾ ಹಸ್ಕೊಂಡಿರ್ತೀವಿ, ಅವರು ಒಂದು ಗಂಟೆ ಇರಲಿ."

ರಾಮಲಕ್ಷ್ಮಮ್ಮನಿಗೆ ಹೇಳಿದೆ. "ಬಾಗಿಲಿಗೆ ಬಂದೋರಿಗೆ ಒಂದು ಲೋಟ ನೀರೂ ಕೊಡಬಾರದಾ? ಊರೋರು ಏನಂತಾರೆ?" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಆಮೇಲೆ ಯೋಚಿಸಿ, "ಸ್ಟೇಷನ್ನು ಸೈಡಿಂಗಲ್ಲ, ಅಲ್ವೇನ್ರೀ?" ಎಂದಳು. ಇವಳನ್ನು ಮದ್ರಾಸಿಗೆ ಕರೆದೊಯ್ದಿದ್ದರೆ ವಕೀಲರ ಫೀಸು ಉಳಿಯುತ್ತಿತ್ತು.

೨೮ ಏಪ್ರಿಲ್, ಗುರುವಾರ

ಒಂಬತ್ತು ಹತ್ತಕ್ಕೆ ಎಂಜಿನ್ನು ಸ್ಟೇಷನ್ ಬಿಟ್ಟಿತು. ಹೊಸದಾಗಿ ಬಂದ ರೈಲ್ವೆ ಇನ್ಸ್‌ಪೆಕ್ಟರ ಕೈಯಲ್ಲಿ ಒಂದು ಗಡಿಯಾರ, ನನ್ನ ಕೈಯಲ್ಲಿ ಒಂದು. ನಾವಿಬ್ಬರೂ ಎಂಜಿನ್ನಿನಲ್ಲಿ ನಿಂತಿದ್ದೆವು.

ರಸ್ತೆ ದಾಟುವ ಜಾಗ ಕಾಣಿಸಿತು. ಹಳಿಯ ಮೇಲೆ ಹುಣಸೆಹಣ್ಣಿನ ಮೂಟೆ ಹೇರಿದ ಎತ್ತಿನ ಗಾಡಿ, ಚಕ್ರ ಹಳಿಯ ಸಂದಿಗೆ ಸಿಕ್ಕಿಕೊಂಡು ನಿಂತಿದೆ. ಮೂಟೆಗಳ ಮೇಲೆ ಮುದುಕಿ ಓಬಳಮ್ಮ ಕೂತು ಎತ್ತುಗಳನ್ನು ಬೈಯುತ್ತಿದ್ದಾಳೆ. ಇನ್ಸ್‌ಪೆಕ್ಟರು "ನಿಲ್ಲಿಸಬೇಕಾಗುತ್ತೆ" ಎಂದು ಪೆನ್ನು ತೆಗೆದರು.

ಗಿರಣಿ ಕಡೆಯಿಂದ ಓಡಿ ಬಂದರು. ಮುಂದೆ ಕಲಂದರ್ ಸಾಹೇಬರು, ಹಿಂದೆ ಹದಿನಾರು ಜನ. ಅರ್ಧಕ್ಕರ್ಧ ಬೆಳಗಿನಿಂದ ಒಂದು ಹನಿ ನೀರು ಮುಟ್ಟದವರು. ಎತ್ತು ಬಿಚ್ಚಿದರು, ನೊಗ ಹಿಡಿದರು, ಚಕ್ರಕ್ಕೆ ಹೆಗಲು ಕೊಟ್ಟರು. "ಬಿಸ್ಮಿಲ್ಲಾ" ಎಂದರು ಒಬ್ಬರು, "ಗೋವಿಂದ" ಎಂದರು ಇನ್ನೊಬ್ಬರು, ಗಾಡಿ ಮೇಲೆದ್ದಿತು. ಮೂಟೆ ಸಮೇತ, ಓಬಳಮ್ಮನ ಸಮೇತ.

"ಅಯ್ಯಯ್ಯೋ, ನನ್ನನ್ನ ಎಲ್ಲಿಗೆ ಎತ್ಕೊಂಡೋಗ್ತೀರೋ! ಇಳಿಸ್ರೋ ನಿಮ್ಮ ಮನೆ ಹಾಳಾಗ!"

"ಕೂತ್ಕೋ ಅಜ್ಜಿ, ಪಲ್ಲಕ್ಕಿ ಇದು!" ಎಂದು ಕಲಂದರ್ ಸಾಹೇಬರು ಕೂಗಿದರು.

ಎಂಜಿನ್ನು ನಿಧಾನವಾಯಿತು, ನಿಲ್ಲಲಿಲ್ಲ. ಇನ್ಸ್‌ಪೆಕ್ಟರು ಪೆನ್ನನ್ನು ಜೇಬಿಗೆ ಇಟ್ಟರು.

ಅಂಗಳದಲ್ಲಿ ಖಾಲಿ ವ್ಯಾಗನ್ನು ಬಿಚ್ಚುವ, ತುಂಬಿದ್ದನ್ನು ಕಟ್ಟುವ ಕೆಲಸ ನಡೆದಿತ್ತು. ಹೊಸ ಡ್ರೈವರ್ ಹುಡುಗ ಇಣುಕಿ, "ಏನ್ರಪ್ಪಾ, ಒಂದು ಟೀ ಸಿಗುತ್ತಾ?" ಎಂದ. ಅರವತ್ನಾಲ್ಕು ಜನ ಒಟ್ಟಿಗೆ "ಇಲ್ಲಾ!" ಎಂದರು. ಪಾಪ, ಹೆದರಿಹೋದ. ಜನ್ಮದಲ್ಲಿ ಯಾವ ಊರಿನಲ್ಲೂ ಟೀ ಕೇಳಿ ಇಂಥ ಉತ್ತರ ಕೇಳಿರಲಾರ.

ಇನ್ಸ್‌ಪೆಕ್ಟರು ಒಳ್ಳೆಯ ಮನುಷ್ಯ. ಸುಮ್ಮನೆ ನಿಂತು ಬೇಸರವಾಗಿರಬೇಕು. "ವೆಂಕಟರಾಮಪ್ಪನೋರೆ, ನೀವು ಪ್ರಾಸ ಕಟ್ಟಿ ಪದ್ಯ ಬರೀತೀರಂತೆ, ಮ್ಯಾನೇಜರ್ ಹೇಳಿದ್ರು. ಒಂದು ಹೇಳಿ ನೋಡೋಣ. ನಂಗೂ ಹುಚ್ಚು ಅದು."

ಕೇಳಿದವರೇ ಇಲ್ಲದ ಮನುಷ್ಯನನ್ನು ಕೇಳಿಬಿಟ್ಟರು! ನಾಲಿಗೆಯ ತುದಿಗೆ ಐವತ್ತಾರು ಪದ್ಯ ಬಂದು ಸಾಲುಗಟ್ಟಿ ನಿಂತವು. ನಾನು ಹಲ್ಲು ಕಚ್ಚಿದೆ. "ಈಗ ಬರಲ್ಲ ಸಾರ್" ಎಂದೆ. ನನ್ನ ಹೆಂಡತಿ ಇದನ್ನು ನಂಬುವುದಿಲ್ಲ.

ಸಿಳ್ಳೆ. ಎಂಜಿನ್ನು ಹೊರಟಿತು. ಕೊಂಡಿ ಎಳೆದ ಸದ್ದು ಒಂದೊಂದೇ ವ್ಯಾಗನ್ನಿಗೆ ದಾಟುತ್ತಾ ಹಿಂದಕ್ಕೆ ಹೋಯಿತು. ಹಮಾಲಿಗಳು ಹಳಿಯ ಎರಡೂ ಕಡೆ ಓಡುತ್ತಾ ಬಂದರು. ದಾರಿಯಲ್ಲಿ ಗಾಡಿಯ ಪಕ್ಕ ಓಬಳಮ್ಮ ಈಗ ನಿಂತು ಕೈ ಬೀಸುತ್ತಿದ್ದಳು.

ಸ್ಟೇಷನ್ನು ಮುಟ್ಟಿದಾಗ ಹತ್ತು ಗಂಟೆ ಎರಡು ನಿಮಿಷ. ಐವತ್ತೆರಡು ನಿಮಿಷ! ಎರಡು ಗಡಿಯಾರದಲ್ಲೂ ಅದೇ. ಇನ್ಸ್‌ಪೆಕ್ಟರು ಬರೆದರು, ನಾನು ಸಹಿ ಮಾಡಿದೆ. ಸಹಿ ಮಾಡುವ ಮೊದಲು ಪ್ರತಿ ಸಾಲನ್ನೂ ಓದಿದೆ.

ಪ್ಲಾಟ್‌ಫಾರಂ ಮೇಲೆ ಬೇವಿನ ಮರದ ಕೆಳಗೆ ರಾಮಲಕ್ಷ್ಮಮ್ಮ ನಿಂತಿದ್ದಳು, ಎರಡು ಪಾತ್ರೆ ಬಟ್ಟೆ ಕಟ್ಟಿ ಇಟ್ಟುಕೊಂಡು. "ಈಗ ಕೊಡಬಹುದೇನ್ರೀ?" ಎಂದಳು. "ಕೊಡು ಕಣೇ, ಈಗ ಎಷ್ಟು ಬೇಕಾದ್ರೂ ಕೊಡು" ಎಂದೆ. ಡ್ರೈವರ್ ಹುಡುಗ ಆರು ಒಬ್ಬಟ್ಟು ತಿಂದ. ಕಲಂದರ್ ಸಾಹೇಬರ ಪಾಲನ್ನು ಸಂಜೆ ಉಪವಾಸ ಬಿಡುವ ಹೊತ್ತಿಗೆ ನಾನೇ ಅವರ ಮನೆಗೆ ಹೋಗಿ ಕೊಟ್ಟು ಬಂದೆ.

ಕೋನಪ್ಪನವರು ಬಂದು ಕೈ ಕುಲುಕಿದರು. ಏನೋ ಹೇಳಿದರು. ಕೂಗಾಟದಲ್ಲಿ ಕೇಳಿಸಲಿಲ್ಲ. ಹಮಾಲಿಗಳು ನನ್ನನ್ನೂ ಗಾಡಿಯ ಹಾಗೆ ಎತ್ತಿಬಿಟ್ಟಿದ್ದರು.

೧೭ ಮೇ, ಮಂಗಳವಾರ

ಇವತ್ತು ರಂಜಾನ್ ಹಬ್ಬ. ಕಲಂದರ್ ಸಾಹೇಬರ ಮನೆಗೆ ನಾವಿಬ್ಬರೂ ಹೋಗಿದ್ದೆವು. ಅವರ ಹೆಂಡತಿ ತಾಹಿರಾ ಬಟ್ಟಲು ಬಟ್ಟಲು ಶಾವಿಗೆಯ ಶೀರ್ ಖುರ್ಮಾ ತಂದಿಟ್ಟರು. ಅಂಗಳದ ತುಂಬ ಹಮಾಲಿಗಳು, ಅವರ ಮಕ್ಕಳು, ಹೊಸ ಬಟ್ಟೆ. ಹೊಸ ದರದ ಆದೇಶ ಬಂದಿದೆ. ಸೈಡಿಂಗು ಇದೆ. ನಾಳೆ ಹನ್ನೆರಡು ವ್ಯಾಗನ್ನು ಬರುತ್ತವೆ.

"ಗುಮಾಸ್ತರಿಂದ ಸೈಡಿಂಗ್ ಉಳೀತು" ಎಂದರು ಕಲಂದರ್ ಸಾಹೇಬರು ಎಲ್ಲರೆದುರಿಗೆ. "ಕೆಲಸ ಹೋದ್ರೂ ಹೋಗ್ಲಿ ಅಂತ ನಿಜ ಹೇಳಿದ್ರು. ಈಗ ಒಂದು ಪದ್ಯ ಹೇಳ್ಬೇಕು, ನಾವೆಲ್ಲಾ ಕೇಳ್ತೀವಿ."

ಎಲ್ಲರೂ ಸುಮ್ಮನಾದರು. ನಿಜವಾದ ಸಭೆ. ಆಕಳಿಸುವವರು ಒಬ್ಬರೂ ಇಲ್ಲ. ರಾಮಲಕ್ಷ್ಮಮ್ಮ ಕೂಡ ಬಟ್ಟಲು ಕೆಳಗಿಟ್ಟು ನನ್ನನ್ನೇ ನೋಡಿದಳು. ನಾನು ಬೇಡ ಎಂದೆ. ಖುರ್ಮಾ ಆರುತ್ತದೆ, ಊಟ ಮಾಡಿ ಎಂದೆ.

ಶಿಡ್ಲಘಟ್ಟದಿಂದ ಮುನಿಶಾಮಪ್ಪನವರೂ ಬಂದಿದ್ದರು. ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದರು:

"ಹಳಿಯ ಹಿಡಿದು ಬಂದನಮ್ಮ ಉಕ್ಕಿನಳಿಯ,
ಗಳಿಗೆಯಾದ್ರೂ ಕೂತು ಹೋಗು, ಓಡಬೇಡ ಗೆಳೆಯ."

ಒಂದಕ್ಷರ ತಪ್ಪಿಲ್ಲ. "ಒಬ್ಬಟ್ಟಿನ ರುಚಿ ಮರ್ತೋಯ್ತಪ್ಪಾ" ಎಂದರು. "ಇದು ಮರೀಲಿಲ್ಲ. ಎಂಜಿನ್ನ ಮೇಲೆ ಪದ್ಯ ಬರೆದೋರು ನನ್ನ ಸರ್ವೀಸಲ್ಲೇ ನೀವೊಬ್ರೇ. ಗಾರ್ಡ್ ಎದ್ದೇಳೋಣ ಅಂದ, ನಾನೇ ಕೂರಿಸಿದೆ." ಮುಂಡಾಸು ಸರಿಮಾಡಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ನಾನು ಬಾಗಿಲಲ್ಲೇ ನಿಂತಿದ್ದೆ. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಮಹಾಜನಗಳೇ, ನೀವು ಇಲ್ಲ. ಯಾವತ್ತೂ ಇರಲಿಲ್ಲ. ಇದ್ದವರು ಮೂರು ಜನ, ಹೊರಗೆ ಒಂದು ಎಂಜಿನ್ನು. ಊಟ ಹದಿನೈದು ನಿಮಿಷಕ್ಕೆ ಮುಗಿದಿತ್ತು. ಮಿಕ್ಕ ಇಪ್ಪತ್ತೈದು ನಿಮಿಷ ನಾನು ಬಾಗಿಲು ಹಾಕಿಕೊಂಡು ಪದ್ಯ ಓದಿದೆ.